ಒಂದೇ ದಿನ, ಐದು ಜಾಗ, ಅತ್ತೆಗೆ ಮಂಡಿ ನೋವು, ಜೊತೆಗೆ ನಾಲ್ಕು ವರ್ಷದ ಮಗ: ದೊಡ್ಡ ಸಿಟಿ ಸುತ್ತೋದು ಹೇಗೆ?

ಓದುಗರ ಪ್ರಶ್ನೆ: ನಾವು ಆರು ಜನ. ನಾನು, ಯಜಮಾನರು, ಅತ್ತೆ (68 ವರ್ಷ, ಎರಡೂ ಮಂಡಿ ನೋವು), ಮಾವ, 11 ವರ್ಷದ ಮಗಳು, 4 ವರ್ಷದ ಮಗ. ಕಳೆದ ರಜೆಯಲ್ಲಿ ಒಂದು ದೊಡ್ಡ ಸಿಟಿಗೆ ಹೋಗಿ ಒಂದೇ ದಿನಕ್ಕೆ ಮ್ಯೂಸಿಯಂ, ಟವರ್, ಝೂ ಅಂತ ಐದು ಜಾಗ ಲಿಸ್ಟ್ ಮಾಡ್ಕೊಂಡಿದ್ವಿ. ಎರಡು ಮುಗಿಸೋಷ್ಟರಲ್ಲಿ ಮಧ್ಯಾಹ್ನ ಮೂರು ಗಂಟೆ. ಮಗ ಟವರ್ ಕ್ಯೂನಲ್ಲಿ ನೆಲದ ಮೇಲೆ ಬಿದ್ದು ಹೊರಳಾಡಿ ಅತ್ತ, ಯಜಮಾನರು ಐಸ್‌ಕ್ರೀಂ ಕೊಡಿಸಿದ್ದೇ ತಪ್ಪು ಅಂತ ನನ್ನ ಮೇಲೆ ಕೂಗಾಡಿದ್ರು, ಅತ್ತೆ "ನೀವು ಹೋಗ್ಬನ್ನಿ, ನಾನಿಲ್ಲೇ ಕೂತಿರ್ತೀನಿ" ಅಂತ ದಿನವಿಡೀ ಅದನ್ನೇ ಹೇಳಿದ್ರು, ಮಗಳು ಮುಖ ಊದಿಸ್ಕೊಂಡು ಯಾರ ಹತ್ರಾನೂ ಮಾತಾಡ್ಲಿಲ್ಲ. ಇದರ ಮಧ್ಯೆ ಮಗ ಒಂದೆರಡು ನಿಮಿಷ ಕಾಣಿಸ್ದೇ ಹೋಗಿ ಜೀವ ಬಾಯಿಗೆ ಬಂದಿತ್ತು. ಈಗ ಮತ್ತೆ ಇನ್ನೊಂದು ಸಿಟಿಗೆ ಹೊರಟಿದ್ದೀವಿ. ಕ್ಯೂ ತಪ್ಪಿಸೋ ಟಿಕೆಟ್, ಸಿಟಿ ಪಾಸ್ (ಒಂದೇ ಸಲ ದುಡ್ಡು ಕೊಟ್ಟು ಊರಿನ ಹಲವು ಜಾಗ ನೋಡೋ ಟಿಕೆಟ್) ತಗೊಂಡ್ರೆ ಈ ಸಲ ಸರಿಹೋಗುತ್ತಾ? ಬೆಳಗ್ಗೆ ಬೇಗ ಹೊರಟ್ರೆ ಸಾಕಾ? ಅತ್ತೆಯವರನ್ನ ರೂಮಲ್ಲೇ ಬಿಟ್ಟು ಹೋಗೋದು ಸರೀನಾ, ಅವರೇ ಹಾಗೆ ಹೇಳ್ತಿದ್ದಾರೆ.

ಉತ್ತರ:

ನೀವು ಕೇಳಿರೋದು ನಾಲ್ಕು ಪ್ರಶ್ನೆ, ಆದ್ರೆ ಒಳಗಿರೋ ಚಿಂತೆ ಒಂದೇ ಅನ್ಸುತ್ತೆ: ಇಷ್ಟು ದುಡ್ಡು ಹಾಕಿ, ಇಷ್ಟು ತಲೆ ಕೆಡಿಸ್ಕೊಂಡು ಹೋದ್ರೂ ಎಲ್ಲರೂ ಜಗಳ ಮಾಡ್ಕೊಂಡೇ ವಾಪಸ್ ಬರ್ತೀವಲ್ಲ, ತಪ್ಪು ನನ್ನ ಪ್ಲಾನಿಂಗ್‌ದಾ ಇಲ್ಲಾ ನಮ್ಮನೆಯವರ ಸ್ವಭಾವದ್ದಾ ಅಂತ. ನಾನು ವರ್ಷಗಟ್ಟಲೆ ಟೂರ್ ಮ್ಯಾನೇಜರ್ ಆಗಿ ಇಂಥ ಫ್ಯಾಮಿಲಿಗಳನ್ನ ಸುತ್ತಿಸಿದ್ದೀನಿ, ಈಗ ಕೂತು ಪ್ಲಾನ್ ಮಾಡಿಕೊಡೋ ಕೆಲಸ. ಸ್ವಭಾವದ್ದು ಖಂಡಿತ ಅಲ್ಲ. ಪ್ಲಾನಿಂಗ್‌ದು ಹೌದು, ಆದ್ರೆ ನೀವು ಅಂದ್ಕೊಂಡಿರೋ ಜಾಗದಲ್ಲಿ ಅಲ್ಲ. ನೀವು ಜಾಗಗಳನ್ನ ಎಣಿಸಿದ್ರಿ, ಎಣಿಸ್ಬೇಕಾಗಿದ್ದು ನಿಂತ್ಕೊಳ್ಳೋ ಹೊತ್ತನ್ನ.

ಸುತ್ತಾಡಿದ್ರೆ ಸುಸ್ತಾಗುತ್ತೆ ಅಂತ ಎಲ್ಲರೂ ಹೇಳ್ತಾರೆ, ಆದ್ರೆ ನಿಜವಾಗ್ಲೂ ಕಾಲು ಹಿಡ್ಕೊಳ್ಳೋದು ನಡೆದಾಗ ಅಲ್ಲ, ನಿಂತಾಗ. ಮೀನಖಂಡದ ಸ್ನಾಯು ನಡೆಯುವಾಗ ಪಂಪ್ ತರ ಹಿಂಡ್ಕೊಂಡು ಕಾಲಿನ ರಕ್ತವನ್ನ ಮೇಲಕ್ಕೆ ತಳ್ತಾ ಇರುತ್ತೆ, ಸುಮ್ನೆ ನಿಂತ್ರೆ ಆ ಪಂಪ್ ಕೆಲಸ ಮಾಡಲ್ಲ, ರಕ್ತ ಕೆಳಗೇ ನಿಲ್ಲುತ್ತೆ, ಪಾದ ಊದ್ಕೊಳ್ಳುತ್ತೆ, ಸೊಂಟ ಹಿಡ್ಕೊಳ್ಳುತ್ತೆ. ಟೂರಿಸ್ಟ್ ಜಾಗದಲ್ಲಿ ನಾವು ಮಾಡೋದೇನು ಹೇಳಿ, ಕ್ಯೂನಲ್ಲಿ ನಿಲ್ತೀವಿ, ಸೆಕ್ಯೂರಿಟಿಲಿ ನಿಲ್ತೀವಿ, ಲಿಫ್ಟ್‌ಗೆ ನಿಲ್ತೀವಿ, ಒಳಗೆ ಹೋಗಿ ಎರಡು ಹೆಜ್ಜೆ ಇಟ್ಟು ಮತ್ತೆ ಒಂದು ಚಿತ್ರದ ಮುಂದೆ ನಿಲ್ತೀವಿ. ನೆಲ ಕಲ್ಲಿಂದೋ ಗ್ರಾನೈಟಿಂದೋ ಇರುತ್ತೆ. ದಿನಾ ಬೆಳಗ್ಗೆ ಅರ್ಧ ಗಂಟೆ ವಾಕಿಂಗ್ ಹೋಗೋ ಮಾವನವರೂ ಇಲ್ಲಿ ಸೋತು ಹೋಗ್ತಾರೆ, ಆಗ "ಮನೇಲಿ ಚೆನ್ನಾಗೇ ನಡೀತಿದ್ರಲ್ಲ" ಅಂತ ನಾವು ಆಶ್ಚರ್ಯಪಡ್ತೀವಿ.

ಇದು ಹೊಸ ವಿಷಯ ಏನಲ್ಲ. ಬಾಸ್ಟನ್ನಿನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ನಲ್ಲಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ ಅನ್ನೋರು 1916ರಲ್ಲೇ "ಮ್ಯೂಸಿಯಂ ಆಯಾಸ" ಅಂತ ಇದರ ಬಗ್ಗೆ ಬರೆದಿದ್ರು. ಒಬ್ಬ ಮನುಷ್ಯ ಗಾಜಿನ ಪೆಟ್ಟಿಗೆಗಳಲ್ಲಿರೋದನ್ನ ನೋಡೋಕೆ ಹೇಗೆಲ್ಲಾ ಬಗ್ತಾನೆ, ಕುಕ್ಕರಗಾಲಲ್ಲಿ ಕೂರ್ತಾನೆ, ಕತ್ತು ಉದ್ದ ಮಾಡ್ತಾನೆ ಅಂತ ಫೋಟೋ ತೆಗೆಸಿ ತೋರಿಸಿದ್ರು. ಆಮೇಲೆ ಬಂದ ಅಧ್ಯಯನಗಳಲ್ಲೂ ಕಂಡಿದ್ದು, ಜನ ಮ್ಯೂಸಿಯಂ ಒಳಗೆ ಗಮನ ಇಟ್ಟು ನೋಡೋದು ಮೊದಲ ಅರ್ಧ ಗಂಟೆ ಆಸುಪಾಸು, ಆಮೇಲೆ ಕಣ್ಣು ಹಾಯಿಸ್ಕೊಂಡು ಮುಂದೆ ಹೋಗ್ತಾರೆ ಅಷ್ಟೇ. ದೊಡ್ಡವರ ಕಥೆಯೇ ಹೀಗೆ ಅಂದ್ಮೇಲೆ ನಿಮ್ಮ ಮಗ ಮೂರು ಗಂಟೆವರೆಗೆ ಸುಮ್ನಿದ್ದಿದ್ದೇ ದೊಡ್ಡದು!

ಮಗನ ವಿಷಯಕ್ಕೆ ಬಂದೆ, ಒಂದು ಸಲ ಅವನ ಎತ್ತರಕ್ಕೆ ಕೂತು ನೋಡಿ. ನಾಲ್ಕು ವರ್ಷದ ಮಗು ಹೆಚ್ಚುಕಮ್ಮಿ ಒಂದು ಮೀಟರ್ ಎತ್ತರ. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿ ಮೋನಾಲಿಸಾ ಇರೋ ಹಾಲ್ ನೆನಪು ಮಾಡ್ಕೊಳ್ಳಿ, ಆ ಚಿತ್ರ ಬರೀ 77 ಸೆಂಟಿಮೀಟರ್ ಉದ್ದ, 53 ಅಗಲ, ಗಾಜಿನ ಹಿಂದೆ ಇದೆ, ಮುಂದೆ ಕಟಕಟೆ, ಅದರ ಮುಂದೆ ಮೊಬೈಲ್ ಎತ್ತಿ ಹಿಡ್ಕೊಂಡಿರೋ ಜನಸಾಗರ. ದೊಡ್ಡವರಿಗೆ ಮೊಬೈಲ್‌ಗಳ ಮಧ್ಯೆ ಒಂದು ಚೂರು ಮುಖ ಕಾಣುತ್ತೆ. ಮಗುಗೆ ಕಾಣೋದು ಮೊಣಕಾಲು, ಜೀನ್ಸ್ ಜೇಬು, ಯಾರದೋ ಬ್ಯಾಗಿನ ಜಿಪ್ಪು, ಮತ್ತೆ ಆ ಬ್ಯಾಗು ಸರಿಯಾಗಿ ಅವನ ಮುಖಕ್ಕೇ ಬಡೀತಾ ಇರುತ್ತೆ. ಇಪ್ಪತ್ತು ನಿಮಿಷ ಇದನ್ನೇ ನೋಡಿದ ಮಗುಗೆ "ಎಷ್ಟು ಚೆನ್ನಾಗಿದೆ ನೋಡು ಪುಟ್ಟಾ" ಅಂದ್ರೆ ಅಳದೇ ಇನ್ನೇನು ಮಾಡುತ್ತೆ.

ಅಂದ ಹಾಗೆ ಐಸ್‌ಕ್ರೀಂ ವಿಚಾರದಲ್ಲಿ ನೀವು ನಿರಪರಾಧಿ, ಯಜಮಾನರಿಗೆ ತೋರಿಸಿ. ಸಕ್ಕರೆ ತಿಂದ್ರೆ ಮಕ್ಕಳು ಹುಚ್ಚಾಪಟ್ಟೆ ಆಡ್ತಾರೆ ಅನ್ನೋದು ಎಲ್ಲಾ ಕಡೆ ಇರೋ ನಂಬಿಕೆ, ಆದ್ರೆ ಇದರ ಮೇಲೆ ನಡೆದ ಹತ್ತಾರು ಪ್ರಯೋಗಗಳನ್ನ ಒಟ್ಟು ಸೇರಿಸಿ 1995ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ ಪ್ರಕಾರ ಸಕ್ಕರೆಗೂ ಮಕ್ಕಳ ವರ್ತನೆಗೂ ಅಂಥ ಸಂಬಂಧ ಕಾಣ್ಲಿಲ್ಲ. ಮಧ್ಯಾಹ್ನದ ನಿದ್ದೆ ತಪ್ಪಿತ್ತು, ಊಟದ ಹೊತ್ತು ಮೀರಿತ್ತು, ಬಿಸಿಲು, ಕ್ಯೂ ಯಾವಾಗ ಮುಗಿಯುತ್ತೆ ಅಂತ ಯಾರಿಗೂ ಗೊತ್ತಿರ್ಲಿಲ್ಲ, ಇಷ್ಟು ಸಾಕು.

ಈಗ ಕ್ಯೂ ತಪ್ಪಿಸೋ ಟಿಕೆಟ್. ಜನ ಅತಿ ಹೆಚ್ಚು ಮೋಸ ಹೋಗೋದು, ಅಥವಾ ಮೋಸ ಹೋದೆ ಅಂತ ಅಂದ್ಕೊಳ್ಳೋದು ಇಲ್ಲೇ. "ಕ್ಯೂ ಇಲ್ಲ" ಅಂದ್ರೆ ಟಿಕೆಟ್ ಕೌಂಟರ್ ಕ್ಯೂ ಇಲ್ಲ ಅಂತ ಅಷ್ಟೇ ಅರ್ಥ. ಬ್ಯಾಗ್ ಸ್ಕ್ಯಾನ್ ಮಾಡೋ ಸೆಕ್ಯೂರಿಟಿ ಲೈನು ಸಾಮಾನ್ಯವಾಗಿ ಎಲ್ಲರಿಗೂ ಒಂದೇ, ಲಿಫ್ಟ್ ಲೈನೂ ಒಂದೇ. ರೋಮ್‌ಗೆ ಹೋದ್ರೆ ಸೇಂಟ್ ಪೀಟರ್ಸ್ ಚರ್ಚ್‌ಗೆ ಪ್ರವೇಶ ಉಚಿತ, ಆದ್ರೂ ಅಷ್ಟುದ್ದ ಲೈನ್ ಯಾಕಿರುತ್ತೆ ಅಂದ್ರೆ ಅದು ಸೆಕ್ಯೂರಿಟಿದು. ನ್ಯೂಯಾರ್ಕ್‌ನ ಲಿಬರ್ಟಿ ಪ್ರತಿಮೆಗೆ ದೋಣಿ ಹತ್ತೋ ಮುಂಚೆನೇ ಏರ್‌ಪೋರ್ಟ್ ತರ ತಪಾಸಣೆ ಇರುತ್ತೆ. ಹಾಗಂತ ಟಿಕೆಟ್ ಬೇಡ ಅಂತಲ್ಲ. ಟೈಮ್ ಸ್ಲಾಟ್ ಇರೋ ಟಿಕೆಟ್ ಸಿಕ್ಕಿದ್ರೆ ಕಣ್ಮುಚ್ಚಿ ತಗೊಳ್ಳಿ, ಲಾಭ ಏನಂದ್ರೆ ಕಾಯೋದು ಕಮ್ಮಿ ಆಗೋದಕ್ಕಿಂತ, ಎಷ್ಟು ಹೊತ್ತಿಗೆ ಒಳಗೆ ಅನ್ನೋದು ಗೊತ್ತಿರುತ್ತೆ. ಕಾಯೋ ಮನಸ್ಥಿತಿ ಬಗ್ಗೆ ಡೇವಿಡ್ ಮೈಸ್ಟರ್ ಅನ್ನೋರು 1985ರಲ್ಲಿ ಬರೆದಿದ್ದು ಇವತ್ತಿಗೂ ನಮ್ಮ ಕಸುಬಿನವರೆಲ್ಲ ಹೇಳ್ತಾರೆ: ಎಷ್ಟು ಹೊತ್ತು ಅಂತ ಗೊತ್ತಿಲ್ದೇ ಕಾಯೋದು ಗೊತ್ತಿದ್ದು ಕಾಯೋದಕ್ಕಿಂತ ಉದ್ದ ಅನ್ಸುತ್ತೆ, ಕೈಗೆ ಕೆಲಸ ಇಲ್ದೇ ಕಾಯೋದು ಇನ್ನೂ ಉದ್ದ. ಸ್ಲಾಟಿನ ತೊಂದರೆ ಏನಂದ್ರೆ ಮಗುಗೆ ಸರಿಯಾಗಿ ಅದೇ ಹೊತ್ತಿಗೆ ಟಾಯ್ಲೆಟ್ ಬರುತ್ತೆ, ಬಸ್ಸು ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಳ್ಳುತ್ತೆ, ಟಿಕೆಟ್ ದುಡ್ಡು ವಾಪಸ್ ಬರಲ್ಲ. ಅದಕ್ಕೇ ದಿನಕ್ಕೆ ಒಂದೇ ಸ್ಲಾಟು, ಎರಡು ಬೇಡವೇ ಬೇಡ. ಎರಡನೇ ಸ್ಲಾಟ್ ಇದ್ರೆ ಮೊದಲನೇದನ್ನ ನೋಡುವಾಗೆಲ್ಲಾ ಗಡಿಯಾರದ ಮೇಲೇ ಕಣ್ಣಿರುತ್ತೆ.

ಸಿಟಿ ಪಾಸ್ ಬೇಡ, ನಿಮ್ಮ ಮನೆಗೆ. ಪಾಸ್ ಕೆಟ್ಟದ್ದು ಅಂತಲ್ಲ, ಇಬ್ಬರೇ ಗಟ್ಟಿಮುಟ್ಟಾದವರು ಬೆಳಗ್ಗಿಂದ ರಾತ್ರಿವರೆಗೂ ಓಡಾಡೋರಿಗೆ ಲಾಭ ಆಗಬಹುದು. ಆದ್ರೆ ಕೈಲಿ ಪಾಸ್ ಇದ್ರೆ "ಕೊಟ್ಟಿದ್ದು ವಸೂಲಾಗ್ಲಿ" ಅಂತ ಮನಸ್ಸು ಎಳೀತಾನೇ ಇರುತ್ತೆ, ಅತ್ತೆಯವರ ಮಂಡಿಗೆ ಆ ವಸೂಲಿ ಮಾಡೋ ಶಕ್ತಿ ಇಲ್ಲ. ಇನ್ನೊಂದು, ಮಕ್ಕಳಿಗೆ ಎಷ್ಟೋ ಕಡೆ ಉಚಿತ ಅಥವಾ ಕಮ್ಮಿ ದರ ಇರುತ್ತೆ, ಲೂವ್ರ್‌ನಲ್ಲಿ 18 ವರ್ಷದ ಒಳಗಿನವರಿಗೆ ಪ್ರವೇಶ ಉಚಿತ, ಅಂಥ ಕಡೆ ಮಕ್ಕಳಿಗೂ ಸೇರಿಸಿ ಪಾಸ್ ತಗೊಂಡ್ರೆ ಶುದ್ಧ ನಷ್ಟ. ಪಾಸ್ ಇದ್ರೂ ಲೂವ್ರ್‌ಗೆ ಟೈಮ್ ಬೇರೆ ಬುಕ್ ಮಾಡ್ಲೇಬೇಕು. ಲೆಕ್ಕ ಹಾಕೋದಾದ್ರೆ ಹೀಗೆ ಹಾಕಿ, ಪಾಸ್ ಅನ್ನೋದೇ ಇಲ್ದಿದ್ರೆ ಇದರಲ್ಲಿ ಯಾವ್ಯಾವ ಜಾಗಕ್ಕೆ ಕೈಯಿಂದ ದುಡ್ಡು ಕೊಟ್ಟು ಹೋಗ್ತಿದ್ವಿ ಅಂತ. ಸಾಮಾನ್ಯವಾಗಿ ಎರಡಕ್ಕೆ ಬಂದು ನಿಲ್ಲುತ್ತೆ.

ಬೆಳಗ್ಗೆ ಬೇಗ ಹೋಗೋದು ಒಳ್ಳೇದೇ, ಆದ್ರೆ ಅದರ ಲಾಭ ಮೊದಲನೇ ಜಾಗಕ್ಕೆ ಮಾತ್ರ. ಹತ್ತೂವರೆ ಹನ್ನೊಂದಕ್ಕೆ ಎರಡನೇ ಕಡೆ ಹೋಗೋಷ್ಟರಲ್ಲಿ ಊರಿನ ಜನವೆಲ್ಲಾ ಅಲ್ಲಿರ್ತಾರೆ. ಹಾಗಾಗಿ ಯಾವುದು ಬೆಳಗ್ಗೆ ಅನ್ನೋದು ಯೋಚ್ನೆ ಮಾಡ್ಬೇಕು. ಝೂ ಇದ್ರೆ ಅದೇ ಬೆಳಗ್ಗೆ, ತಂಪಿನಲ್ಲಿ ಪ್ರಾಣಿಗಳು ಓಡಾಡ್ತಿರ್ತವೆ, ಮಧ್ಯಾಹ್ನ ಹೋದ್ರೆ ಹುಲಿ ಅನ್ನೋದು ನೆರಳಲ್ಲಿ ಬಿದ್ದಿರೋ ಒಂದು ಪಟ್ಟೆ ಬೆನ್ನು ಅಷ್ಟೇ. ಮ್ಯೂಸಿಯಂಗಳಿಗೆ ಕೆಲವು ಕಡೆ ವಾರದಲ್ಲಿ ಒಂದೆರಡು ದಿನ ರಾತ್ರಿವರೆಗೂ ಬಾಗಿಲು ತೆಗೆದಿರ್ತಾರೆ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಶುಕ್ರವಾರ ಎಂಟೂವರೆವರೆಗೂ ಇರುತ್ತೆ, ಆಗ ಜನ ಕಮ್ಮಿ, ಆದ್ರೆ ನಿಮ್ಮ ಚಿಕ್ಕವನು ಅಷ್ಟೊತ್ತಿಗೆ ಹೆಗಲ ಮೇಲೆ ಮಲಗಿರ್ತಾನೆ. ಉಚಿತ ಪ್ರವೇಶದ ದಿನಕ್ಕಂತೂ ಆಸೆ ಪಡಬೇಡಿ. ವ್ಯಾಟಿಕನ್ ಮ್ಯೂಸಿಯಂ ತಿಂಗಳ ಕೊನೆಯ ಭಾನುವಾರ ಉಚಿತ, ಆ ದಿನದ ಲೈನು ನೋಡಿದ್ರೆ ದುಡ್ಡು ಕೊಟ್ಟು ಇನ್ನೊಂದು ದಿನ ಬರೋದೇ ವಾಸಿ ಅನ್ಸುತ್ತೆ.

ಈಗ ಅತ್ತೆಯವರ ವಿಷಯ, ಇದಕ್ಕೇ ನಾನು ಜಾಸ್ತಿ ಬರೀಬೇಕು ಅಂತಿದ್ದೆ.

"ನೀವು ಹೋಗ್ಬನ್ನಿ" ಅಂತ ಹಿರಿಯರು ಹೇಳೋದರಲ್ಲಿ ಅರ್ಧ ನೋವು, ಅರ್ಧ ಸಂಕೋಚ, ನನ್ನಿಂದ ನಿಮಗೆ ತಡ ಆಗ್ತಿದೆ ಅಂತ. ರೂಮಲ್ಲೇ ಬಿಟ್ಟು ಹೋಗೋದು ತಪ್ಪೇನಲ್ಲ, ಆದ್ರೆ ಇಡೀ ದಿನ ಬೇಡ. ಗೊತ್ತಿಲ್ಲದ ಊರು, ಭಾಷೆ ಬರಲ್ಲ, ಫೋನ್ ಸಿಗ್ನಲ್ ಹೇಗೋ ಏನೋ, ನೀವು ಸುತ್ತಾಡ್ತಿದ್ರೂ ಮನಸ್ಸು ಅಲ್ಲೇ ಇರುತ್ತೆ. ಬದಲಿಗೆ ಬೆಳಗ್ಗೆ ಎಲ್ಲರೂ ಒಟ್ಟಿಗೆ ಒಂದು ಜಾಗ, ಮಧ್ಯಾಹ್ನ ಅವರು ವಾಪಸ್. ಮತ್ತೆ ಬೆಳಗಿನ ಆ ಜಾಗವನ್ನ ಅವರ ಕಾಲಿಗೆ ತಕ್ಕ ಹಾಗೆ ಆರಿಸ್ಬೇಕು, ಉಳಿದೋರ ಕಾಲಿಗಲ್ಲ.

"ಲಿಫ್ಟ್ ಇದೆಯಂತೆ" ಅನ್ನೋ ಮಾತು ನಂಬಬೇಡಿ. ಎಲ್ಲಿಂದ ಎಲ್ಲಿವರೆಗೆ ಅಂತ ಕೇಳಿ. ಸೇಂಟ್ ಪೀಟರ್ಸ್ ಗುಮ್ಮಟಕ್ಕೆ ಪೂರ್ತಿ ಹತ್ತಿದ್ರೆ 551 ಮೆಟ್ಟಿಲು, ಲಿಫ್ಟ್ ಟಿಕೆಟ್ ತಗೊಂಡ್ರೂ ಇಳಿದ ಮೇಲೆ ಇನ್ನೂ 320 ಇದೆ, ಅದೂ ಕಿರಿದಾದ ದಾರಿ, ಮಧ್ಯದಲ್ಲಿ ಸಾಕು ಅಂತ ತಿರುಗೋಕಾಗಲ್ಲ. ಲಿಬರ್ಟಿ ಪ್ರತಿಮೆಯ ಕಿರೀಟಕ್ಕೆ ಕೊನೇ 162 ಮೆಟ್ಟಿಲು ಸುರುಳಿ ಏಣಿ, ಹತ್ತಲೇಬೇಕು. ಐಫೆಲ್ ಟವರ್‌ನಲ್ಲಿ ಕೆಳಗಿಂದ ತುದಿವರೆಗೆ ಲಿಫ್ಟ್ ಇದೆ, ಮೆಟ್ಟಿಲಿನ ಟಿಕೆಟ್ ಕಮ್ಮಿ ಅಂತ ತಗೊಂಡ್ರೆ ಎರಡನೇ ಹಂತಕ್ಕೇ 674 ಮೆಟ್ಟಿಲು. ಇನ್ನೊಂದು ವಿಷಯ ಜನಕ್ಕೆ ಹೊಳೆಯಲ್ಲ, ಮಂಡಿ ನೋವಿರೋರಿಗೆ ಹತ್ತೋದಕ್ಕಿಂತ ಇಳಿಯೋದು ಕಷ್ಟ, ಇಳಿಯುವಾಗ ಮಂಡಿ ಚಿಪ್ಪಿನ ಮೇಲೆ ಬೀಳೋ ಭಾರ ಜಾಸ್ತಿ. "ಹೇಗೋ ಹತ್ತಿಬಿಟ್ರು" ಅಂತ ಖುಷಿಪಟ್ಟು ಆಮೇಲೆ ಇಳಿಸೋಕೆ ಪರದಾಡಿದ ಮಗ ಸೊಸೆಯಂದಿರನ್ನ ಬೇಕಾದಷ್ಟು ನೋಡಿದ್ದೀನಿ. ಕೂತ್ಕೊಂಡೇ ನೋಡೋ ಆಟ ಬೇಕಂದ್ರೆ ದೋಣಿ ಸವಾರಿ, ಇಲ್ಲಾ ಲಂಡನ್ ಐ ತರದ ದೊಡ್ಡ ಚಕ್ರ. ಅದರ ಒಂದು ಸುತ್ತು ಸುಮಾರು ಅರ್ಧ ಗಂಟೆ, ಗಾಜಿನ ಕೋಣೆ ಮಧ್ಯದಲ್ಲಿ ಬೆಂಚ್ ಇದೆ, ಹತ್ತೋಕೆ ಕಷ್ಟ ಆಗೋರಿಗೆ ಹೇಳಿದ್ರೆ ಚಕ್ರ ನಿಲ್ಲಿಸ್ತಾರೆ ಕೂಡ.

ವೀಲ್‌ಚೇರ್ ಬಗ್ಗೆ ಕೇಳೇ ಇಲ್ಲ ನೀವು, ಬಹುಶಃ ಅತ್ತೆ ಒಪ್ಪಲ್ಲ ಅಂತ. ದೊಡ್ಡ ಮ್ಯೂಸಿಯಂಗಳಲ್ಲಿ ಬಹಳ ಕಡೆ ಒಳಗೆ ಉಪಯೋಗಿಸೋಕೆ ಉಚಿತವಾಗೇ ಕೊಡ್ತಾರೆ, ಕೆಲವು ಕಡೆ ಮಡಚೋ ಸ್ಟೂಲೂ ಸಿಗುತ್ತೆ. ಗೇಟಲ್ಲೇ "ಅಮ್ಮಾ ಕೂತ್ಕೊಳಿ" ಅಂದ್ರೆ "ನಾನೇನು ರೋಗಿಷ್ಟೇನಾ" ಅಂತ ಬರೋದು ಗ್ಯಾರಂಟಿ. ನಾನು ಮಾಡಿಸ್ತಿದ್ದಿದ್ದು ಹೀಗೆ: ಕುರ್ಚಿ ಸುಮ್ನೆ ತಗೊಳ್ಳಿ, ಅದರಲ್ಲಿ ಬ್ಯಾಗು, ನೀರಿನ ಬಾಟ್ಲು, ಜಾಕೆಟ್ಟು ಇಟ್ಕೊಂಡು ತಳ್ಕೊಂಡು ಹೋಗಿ, ಯಾರೂ ಏನೂ ಹೇಳ್ಬೇಡಿ. ಅವರು ಮೊದ್ಲು ಹಿಡಿಕೆ ಹಿಡ್ಕೊಂಡು ನಡೀತಾರೆ, ಅದೂ ಆಸರೆನೇ. ಮೂರನೇ ಹಾಲ್ ಹೊತ್ತಿಗೆ ಬ್ಯಾಗ್ ತೆಗೆದು ಮೊಮ್ಮಗನ ಕೈಗೆ ಕೊಟ್ಟು ತಾವೇ ಕೂತಿರ್ತಾರೆ. ಕುರ್ಚಿ ತಳ್ಳೋದಕ್ಕೆ ಮಾತ್ರ ಒಬ್ಬ ದೊಡ್ಡವರು ಪೂರ್ತಿ ಬೇಕು, ಮಾವನವರ ಮೇಲೆ ಹಾಕ್ಬೇಡಿ, ಇಳಿಜಾರಲ್ಲಿ ಹಿಡಿಯೋದು ಸುಲಭ ಅಲ್ಲ. ಹಳೇ ಊರುಗಳ ಕಲ್ಲುಹಾಸಿನ ಬೀದಿಲಿ ವೀಲ್‌ಚೇರ್ ಪ್ರಯೋಜನಕ್ಕೆ ಬರಲ್ಲ, ಕೂತೋರ ಮೂಳೆ ಪುಡಿಯಾಗುತ್ತೆ.

ಹತ್ತಿ ಇಳಿಯೋ ಟೂರಿಸ್ಟ್ ಬಸ್ಸು ಇಂಥವರಿಗೆ ಒಳ್ಳೇ ಆಯ್ಕೆ ಅಂತ ಎಲ್ಲರೂ ಹೇಳ್ತಾರೆ, ನಾನೂ ಅರ್ಧ ಒಪ್ತೀನಿ. ಹತ್ತಿ ಒಂದು ಸುತ್ತು ಪೂರ್ತಿ ಇಳಿಯದೇ ನೋಡಿದ್ರೆ ಚೆನ್ನಾಗಿರುತ್ತೆ. ಇಳಿದು ಇಳಿದು ಹತ್ತಿದ್ರೆ ಪ್ರತಿ ಸ್ಟಾಪಲ್ಲೂ ಮತ್ತೆ ನಿಂತು ಕಾಯ್ಬೇಕು, ಬಂದ ಬಸ್ಸು ತುಂಬಿದ್ರೆ ಇನ್ನೊಂದಕ್ಕೆ. ಒಂದೇ ದಿಕ್ಕಲ್ಲಿ ಸುತ್ತೋ ಬಸ್ ಆದ್ರೆ ಹಿಂದಿನ ಸ್ಟಾಪಿಗೆ ಹೋಗೋಕೂ ಇಡೀ ಊರು ಸುತ್ತಬೇಕು.

ನಿಮ್ಮ ಮುಂದೆ ದಾರಿಗಳು ಮೂರಿವೆ. ಎಲ್ಲರೂ ಇಡೀ ದಿನ ಒಟ್ಟಿಗೆ, ಫೋಟೋಗೆ ಚೆಂದ, ಆದ್ರೆ ಎಲ್ಲರ ವೇಗ ಅತ್ತೆಯವರ ವೇಗ, ಎಲ್ಲರ ತಾಳ್ಮೆ ಮಗನ ತಾಳ್ಮೆ, ಮೂರು ಗಂಟೆಗೆ ಕಥೆ ಏನಾಗುತ್ತೆ ಅಂತ ನಿಮಗೇ ಗೊತ್ತು. ಎರಡನೇದು ಬೆಳಗ್ಗಿಂದಲೇ ಎರಡು ಗುಂಪು, ನೋಡೋದು ಜಾಸ್ತಿ ಆಗುತ್ತೆ, ಆದ್ರೆ ಒಟ್ಟಿಗೆ ಬಂದಿದ್ದು ಯಾಕೆ ಅಂತ ಹಿರಿಯರಿಗೆ ಬೇಜಾರು, ಜೊತೆಗೆ ಎಲ್ಲಿ ಸೇರೋದು ಅನ್ನೋ ಗೊಂದಲ. ನಾನು ಹೇಳೋದು ಮೂರನೇದು, ಬೆಳಗ್ಗೆ ಒಟ್ಟಿಗೆ ಒಂದೇ ದೊಡ್ಡ ಜಾಗ, ಒಟ್ಟು ಎರಡು ಗಂಟೆ ಹೊತ್ತು ಮೀರದ ಹಾಗೆ. ಜನ ಊಟಕ್ಕೆ ಮುಗಿಬೀಳೋ ಮುಂಚೆ, ಹನ್ನೆರಡರ ಒಳಗೇ, ಕುರ್ಚಿ ಮೇಲೆ ಕೂತು ನಿಧಾನ ಊಟ. ಆಮೇಲೆ ರೂಮಿಗೆ ವಾಪಸ್, ಮಗ ಮಲಗ್ಲಿ, ಅತ್ತೆ ಕಾಲು ಚಾಚ್ಲಿ. ನಾಲ್ಕು ಗಂಟೆಗೆ ಎರಡು ಗುಂಪು, ಹೋಗೋರು ಹೋಗ್ಲಿ, ಪಾರ್ಕಲ್ಲಿ ಕೂರೋರು ಕೂರ್ಲಿ. ಇದಕ್ಕೆ ಇರೋ ತೊಂದರೆ ಒಂದೇ, ರೂಮು ಸಿಟಿ ಮಧ್ಯದಲ್ಲಿ ಇರ್ಬೇಕು, ದೂರದಲ್ಲಿ ಅಗ್ಗಕ್ಕೆ ಸಿಕ್ತು ಅಂತ ತಗೊಂಡ್ರೆ ಮಧ್ಯಾಹ್ನ ವಾಪಸ್ ಬರೋ ಮಾತೇ ಇಲ್ಲ. ಐದು ಜಾಗ ಎರಡಕ್ಕಿಳೀತು ಅಂತ ಯಜಮಾನರು ಗೊಣಗ್ತಾರೆ, ಕಳೆದ ಸಲ ನಿಜವಾಗಿ ಎಷ್ಟು ನೋಡಿದ್ರಿ ಅಂತ ಅವರನ್ನೇ ಕೇಳಿ.

ಸಂಜೆಯ ಜಾಗ ಮಗಳು ಆರಿಸ್ಲಿ. ನಿಮ್ಮ ಪತ್ರದಲ್ಲಿ ಅವಳಿಗೆ ಒಂದೇ ಒಂದು ಸಾಲು ಬಂದಿದೆ, ಆದ್ರೆ ಇಂಥ ದಿನಗಳಲ್ಲಿ ಹೆಚ್ಚು ಕಳ್ಕೊಳ್ಳೋದು ಆ ವಯಸ್ಸಿನವರೇ. ಅಜ್ಜಿಗೋಸ್ಕರ ನಿಧಾನ ನಡೀಬೇಕು, ತಮ್ಮನಿಗೋಸ್ಕರ ಬೇಗ ಹೊರಡ್ಬೇಕು, ನಿಜವಾಗ್ಲೂ ಓದಿ ನೋಡ್ತಾ ನಿಂತವಳನ್ನ "ಬಾ ಬಾ ಸಾಕು" ಅಂತ ಎಳ್ಕೊಂಡು ಹೋಗ್ತೀವಿ. ಸಂಜೆ ಅವಳೂ ಅಪ್ಪನೂ ಇಬ್ಬರೇ ಅವಳಿಗಿಷ್ಟ ಬಂದ ಕಡೆ, ಅದು ಟವರ್ರೋ, ವಿಜ್ಞಾನ ಮ್ಯೂಸಿಯಮ್ಮೋ, ಬರೀ ಮೆಟ್ರೋ ಹತ್ತಿ ಇಳಿಯೋದೋ. ಮುಖ ಊದಿಸ್ಕೊಳ್ಳೋದು ತಾನಾಗೇ ನಿಲ್ಲುತ್ತೆ.

ಮಗ ಕಾಣೆಯಾಗಿದ್ದು. ನಾಲ್ಕು ಜನ ದೊಡ್ಡವರಿದ್ರೂ ಹೇಗೆ ತಪ್ಪಿಸ್ಕೊಂಡ ಅಂತ ನೀವು ಕೊರಗ್ತಿರ್ಬಹುದು, ನಾಲ್ಕು ಜನ ಇದ್ದಿದ್ದಕ್ಕೇ ತಪ್ಪಿಸ್ಕೊಂಡಿದ್ದು. ಪ್ರತಿಯೊಬ್ಬರೂ ಇನ್ನೊಬ್ಬರ ಹತ್ರ ಇದ್ದಾನೆ ಅಂದ್ಕೊಂಡಿರ್ತಾರೆ. ಮಕ್ಕಳು ತಪ್ಪಿಸ್ಕೊಳ್ಳೋದು ನಡು ಹಾಲ್‌ನಲ್ಲಿ ಅಲ್ಲ, ಬಾಗಿಲು ದಾಟುವಾಗ, ಲಿಫ್ಟ್ ಹತ್ರ, ಟಾಯ್ಲೆಟ್ ಹೊರಗೆ, ಮತ್ತೆ ಎಲ್ಲರೂ ಸಾಲಾಗಿ ನಿಂತು ಫೋಟೋ ತೆಗೀವಾಗ. ಅದಕ್ಕೆ ಬಾಯಿ ಬಿಟ್ಟು ಹೇಳಿ ಕೈ ಬದಲಾಯಿಸಿ, "ಮಾವ, ಈಗ ಇವನು ನಿಮ್ಮ ಹತ್ರ", ಅವರು "ಹೂಂ" ಅನ್ನೋವರೆಗೂ ನೀವು ಕೈ ಬಿಡಬೇಡಿ. ಬೆಳಗ್ಗೆ ಹೊರಡೋವಾಗ ಅವತ್ತಿನ ಬಟ್ಟೇಲೇ ಒಂದು ಫೋಟೋ ತೆಗೀರಿ, ಗಾಬರಿಲಿ ಶರ್ಟ್ ಬಣ್ಣ ನೀಲಿನೋ ಹಸಿರೋ ಯಾರಿಗೂ ನೆನಪಾಗಲ್ಲ. ಕೈಗೆ ಫೋನ್ ನಂಬರ್ ಬರೆದ ಪಟ್ಟಿ ಕಟ್ಟಿ, ಹೆಸರು ಹೊರಗೆ ಕಾಣೋದು ಬೇಡ. ಅವನಿಗೆ ಕಲಿಸೋದು ಎರಡೇ, ಅಮ್ಮ ಕಾಣ್ಲಿಲ್ಲ ಅಂದ್ರೆ ನಿಂತಲ್ಲೇ ನಿಲ್ಲು, ಮತ್ತೆ ಯೂನಿಫಾರ್ಮ್ ಹಾಕಿರೋರಿಗೋ ಮಕ್ಕಳ ಜೊತೆ ಇರೋ ಅಮ್ಮಂದಿರಿಗೋ ಹೇಳು. ಹಾಗೂ ಕಾಣೆಯಾದ್ರೆ ಒಬ್ಬರು ಅದೇ ಜಾಗದಲ್ಲಿ ಅಲ್ಲಾಡದೇ ನಿಲ್ಲಬೇಕು, ಒಬ್ಬರು ಸೀದಾ ಸಿಬ್ಬಂದಿ ಹತ್ರ ಹೋಗ್ಬೇಕು, ಮೊದಲ ನಿಮಿಷದಲ್ಲೇ. "ಇಲ್ಲೇ ಎಲ್ಲೋ ಇರ್ತಾನೆ, ಹುಡುಕಿ ಆಮೇಲೆ ಹೇಳೋಣ" ಅಂತ ಕಳೆಯೋ ಹತ್ತು ನಿಮಿಷದಲ್ಲೇ ಅವನು ಗೇಟ್ ದಾಟೋದು. ಸಿಬ್ಬಂದಿಗೆ ಇದು ಮಾಮೂಲಿ ಕೆಲಸ, ಯಾರೂ ಬೈಯಲ್ಲ.

ಇನ್ನು ಬುಕ್ ಮಾಡೋ ಮುಂಚೆ ವಾರದ ರಜೆ ನೋಡ್ಕೊಳ್ಳಿ, ಲೂವ್ರ್ ಮಂಗಳವಾರ ಮುಚ್ಚಿರುತ್ತೆ, ಅದೇ ಊರಿನ ಓರ್ಸೆ ಮ್ಯೂಸಿಯಂ ಸೋಮವಾರ, ಒಂದು ಮುಚ್ಚಿದ ದಿನ ಇನ್ನೊಂದರಲ್ಲಿ ನೂಕುನುಗ್ಗಲು. ಬೆಳಗಿನ ಆ ಒಂದು ಜಾಗಕ್ಕೆ ಮೊದಲೇ ಮೇಲ್ ಹಾಕಿ ಮೂರು ವಿಷಯ ಕೇಳಿ: ಮೆಟ್ಟಿಲಿಲ್ಲದ ಬಾಗಿಲು ಯಾವುದು, ವೀಲ್‌ಚೇರ್ ಮುಂಚೆನೇ ಹೇಳಿಡ್ಬೇಕಾ, ಮಗುವಿನ ತಳ್ಳೋ ಗಾಡಿ ಒಳಗೆ ಬಿಡ್ತಾರಾ ಇಲ್ಲಾ ಮಡಚಬೇಕಾ. ಐಫೆಲ್ ಟವರ್‌ಗೆ ಮಡಚೋಕೆ ಬರೋ ಗಾಡಿ ಮಾತ್ರ ತಗೊಂಡು ಹೋಗ್ಬಹುದು. ನಾಲ್ಕು ವರ್ಷ ಆಯ್ತು, ಗಾಡಿ ಯಾಕೆ ಅಂತ ಮನೇಲಿಟ್ಟು ಹೋಗ್ಬೇಡಿ, ಹಗುರದ್ದೊಂದು ಇರ್ಲಿ. ಅವನು ಕೂರ್ದೇ ಇದ್ರೂ ಬ್ಯಾಗ್ ಕೂರುತ್ತೆ.